ಗಂಜಿ ಹಾಕಿದ ಸ್ವೆಟರ್

ಆಗ ಭೀಮಾ ಹೊಳೆಯ ಈಚೆ ದಂಡೆ ನಿಜಾಮನದು, ಆಚೆಯದು ಸ್ವತಂತ್ರ ಭಾರತ. 1948ರ ಸಂಕ್ರಾಂತಿಯ ಮಾರನೆಯ ದಿನ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ, ಅಫಜಲಪುರದ ಹತ್ತಿರದ ನಮ್ಮೂರಿನಲ್ಲಿ, ಕಂದಾಯದ ಲೆಕ್ಕ ಬರೆಯುವ ಪಟವಾರಿಯವರ ಪಡಸಾಲೆಯ ಎರಡನೆಯ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಮೂರನೆಯದನ್ನು ಹತ್ತುವ ಸಲಿಗೆ ನಮ್ಮ ಮನೆಯವರಿಗೆ ಇರಲಿಲ್ಲ. ನಾನು ಮಲ್ಲಿ, ಆಗ ಹನ್ನೊಂದು ವರ್ಷದವಳು. ಕೈಯಲ್ಲಿ ನಾನು ಹೆಣೆದ ಮೊದಲ ಸ್ವೆಟರ್ ಇತ್ತು.

ನಮ್ಮದು ಕಂಬಳಿ ನೇಯುವ ಮನೆ. ಚಳಿ ಬಿತ್ತೆಂದರೆ ಓಣಿಯ ತುಂಬ ಹುರಿದ ಹುಣಸೆಬೀಜದ ವಾಸನೆ. ಬೀಜವನ್ನು ಕುಟ್ಟಿ, ನೆನೆಹಾಕಿ, ಅರೆದು, ಕುದಿಸಿ ಗಂಜಿ ಮಾಡುತ್ತಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಉಣ್ಣೆಯ ನೂಲಿಗೆ ಅದನ್ನು ಬಳಿದರೆ ನೂಲು ತಂತಿಯ ಹಾಗೆ ಬಿಗಿಯುತ್ತಿತ್ತು. ಹುರಿದ ಬೀಜವನ್ನು ದವಡೆಯಲ್ಲಿಟ್ಟುಕೊಂಡು ಯಾರದು ಮೊದಲು ಮೆತ್ತಗಾಗುತ್ತದೆ ಎಂದು ನಾನೂ ಅಣ್ಣ ಭೀಮಣ್ಣನೂ ಪಂದ್ಯ ಕಟ್ಟುತ್ತಿದ್ದೆವು. ಆ ವರ್ಷ ಅಣ್ಣ ಇರಲಿಲ್ಲ. ನಿಜಾಮನ ವಿರುದ್ಧ ನಿಂತವರ ಜೊತೆ ಹೊಳೆ ದಾಟಿ ಕ್ಯಾಂಪ್ ಸೇರಿದ್ದ. ಚಳಿ ತಡೆಯಲಾಗುತ್ತಿಲ್ಲ, ಕಂಬಳಿ ಹೊದ್ದರೆ ಓಡಲಾಗುವುದಿಲ್ಲ ಎಂದು ಅಂಬಿಗನ ಕೈಯಲ್ಲಿ ಹೇಳಿಕಳಿಸಿದ್ದ.

ಪಟವಾರಿಯ ಮಗಳು ಗಂಗಾಬಾಯಿ ನನಗಿಂತ ಮೂರು ವರ್ಷ ದೊಡ್ಡವಳು. ಕಲಬುರಗಿಯಿಂದ ತರಿಸಿದ ಕೆಂಪು ಉಣ್ಣೆಯಲ್ಲಿ ತಮ್ಮನಿಗೆ ಸ್ವೆಟರ್ ಹೆಣೆಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಅವಳ ಬೆರಳುಗಳನ್ನು ನೋಡಿಯೇ ನಾನು ಕಲಿತದ್ದು. ಮುರಿದ ಛತ್ರಿಯ ಎರಡು ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಂಡೆ. ಉಣ್ಣೆ ಮನೆಯದೇ, ಕರಿಯ ಕುರಿಯದು. ಎಳೆ ಪದೇಪದೇ ಹರಿಯುತ್ತಿತ್ತು. ಅಜ್ಜಿ ನೋಡಿ ನಕ್ಕಳು.

"ಗಂಜಿ ಕುಡೀಲಾರದ ನೂಲು ಎಷ್ಟ ದಿನ ತಾಳ್ತದ, ಹುಚ್ಚಿ?"

ನಮ್ಮ ಮನೆಯಲ್ಲಿ ಅದಕ್ಕೆ ಎದುರು ಮಾತಿರಲಿಲ್ಲ. ನೂಲಿಗೆಲ್ಲ ಗಂಜಿ ಬಳಿದೆ. ಬೆರಳು ಸೀಳಿ ರಕ್ತ ಬಂದರೂ ಹೆಣೆದೆ. ಇಪ್ಪತ್ತಾರು ದಿನ ಹಿಡಿಯಿತು. ಕುತ್ತಿಗೆಯ ಕೊನೆಯ ಕುಣಿಕೆಗಳನ್ನು ಮುಚ್ಚುವುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಕೇಳಲೆಂದೇ ಆ ಮಧ್ಯಾಹ್ನ ಹೋದದ್ದು. ಯಾರಿಗೆ ಎಂದು ಗಂಗಾಬಾಯಿ ಕೇಳಿದಾಗ ಅವಳ ಕಿವಿಯಲ್ಲಷ್ಟೇ ಹೇಳಿದೆ.

ಅವಳು ಸ್ವೆಟರನ್ನು ಇಸಿದುಕೊಂಡು ನೆಲದ ಮೇಲೆ ಇಟ್ಟಳು. ಅದು ಯಾರ ಆಸರೆಯೂ ಇಲ್ಲದೆ ಸೆಟೆದು ನಿಂತಿತು. ತೋಳುಗಳು ಎರಡೂ ಕಡೆ ಚಾಚಿಕೊಂಡಿದ್ದವು. ಪಡಸಾಲೆಯಲ್ಲಿದ್ದ ಹೆಣ್ಣುಮಕ್ಕಳೆಲ್ಲ ನಕ್ಕರು. ನಗು ಕೇಳಿ ಅವಳಿಗೆ ಇನ್ನಷ್ಟು ಹುರುಪು ಬಂತು.

"ಮಲ್ಲಿ ಅಣ್ಣಗಂತ, ಹೊಳಿ ಆಚೆ ಕ್ಯಾಂಪಿನ್ಯಾಗ ಕುಂತಾನಲ್ಲ, ಅವಗ. ಇದನ್ನ ಹಾಕ್ಕೊಂಡ್ರ ಗುಂಡೂ ತಾಗಂಗಿಲ್ಲ ಬಿಡ್ರೇ."

ಅಂಗಳದಲ್ಲಿ ನಿಜಾಮನ ಕಡೆಯ ಇಬ್ಬರು ಬಂದೂಕಿನ ಜವಾನರು ನೀರು ಕುಡಿಯುತ್ತಿದ್ದರು. ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ.

ಮರುದಿನ ಬೆಳಿಗ್ಗೆ, ಅಪ್ಪ ಹಲ್ಲುಜ್ಜುತ್ತಿದ್ದಾಗ ಆ ಜವಾನರು ನಮ್ಮ ಮನೆಗೆ ಬಂದರು. ಮಗ ಎಲ್ಲಿ ಎಂದು ಕೇಳಿ ಅಪ್ಪನನ್ನು ಹೊಡೆದರು. ಅಪ್ಪ ಹೇಳಲಿಲ್ಲ. ಮಗ್ಗದ ಮೇಲಿದ್ದ ನೂಲನ್ನು ಕೊಯ್ದು, ಮಗ್ಗವನ್ನು ಓಣಿಗೆ ಎಳೆದು ಬೆಂಕಿ ಹಚ್ಚಿದರು. ಗಂಜಿ ಹೀರಿದ ನೂಲು ಸುಡುವ ವಾಸನೆಯನ್ನು ನಾನು ಇನ್ನೆಲ್ಲೂ ಮೂಸಿಲ್ಲ. ಹೋಗುವಾಗ, ಹಿಂದಿನ ದಿನ ನಗದೆ ಇದ್ದ ಜವಾನ, ನಾನು ಮನೆಗೆ ತಂದಿಟ್ಟಿದ್ದ ಸ್ವೆಟರನ್ನು ಬಂದೂಕಿನ ತುದಿಗೆ ಸಿಕ್ಕಿಸಿಕೊಂಡು ಹೋದ.

ಮನೆಯಲ್ಲಿ ಒಂದು ಗಡಿಗೆ ಗಂಜಿ ಉಳಿದಿತ್ತು. ಅದನ್ನು ಬಳಿಯಲು ಮಗ್ಗವಿರಲಿಲ್ಲ. ಯಾರೂ ಚೆಲ್ಲಲಿಲ್ಲ. ನಾಲ್ಕನೆಯ ದಿನಕ್ಕೆ ಹುಳಿ ನಾತ ಬರತೊಡಗಿತು. ಆ ಮಧ್ಯಾಹ್ನ ಗಡಿಗೆಯನ್ನು ಹೊತ್ತುಕೊಂಡು ಪಟವಾರಿಯವರ ಮನೆಗೆ ಹೋದೆ. ಎಲ್ಲರೂ ಮಲಗಿದ್ದರು. ಮೂರನೆಯ ಮೆಟ್ಟಿಲು ಹತ್ತಿದೆ.

ತೂಗುಮಣೆಯ ಮೇಲೆ ಕೆಂಪು ಸ್ವೆಟರಿನ ಎದೆಯ ಭಾಗ, ಕುತ್ತಿಗೆಯ ತನಕ ಬಂದದ್ದು, ಕಡ್ಡಿಯ ಸಮೇತ ಇತ್ತು. ಕಡ್ಡಿ ಎಳೆದು ತೆಗೆದೆ. ನೂಲು ಹಿಡಿದು ಜಗ್ಗಿದೆ. ಒಂದೊಂದೇ ಸಾಲು ಬಿಚ್ಚಿಕೊಂಡು ಬಂತು. ನಾನು ಅವಸರ ಮಾಡಲಿಲ್ಲ. ಎಪ್ಪತ್ತೊಂದು ಸಾಲು ಎಣಿಸಿದ ನೆನಪು ಈಗಲೂ ಇದೆ. ಬಿಚ್ಚಿದ ಉಣ್ಣೆಯನ್ನೆಲ್ಲ ಗಂಜಿಯಲ್ಲಿ ಅದ್ದಿ, ಚೆನ್ನಾಗಿ ನಾದಿ, ಮುದ್ದೆ ಮಾಡಿ ತೂಗುಮಣೆಯ ಮೇಲಿಟ್ಟೆ. ಅಷ್ಟು ಸಮಾಧಾನ ನನಗೆ ಜೀವನದಲ್ಲಿ ಮತ್ತೆ ಆಗಿಲ್ಲ. ತಿರುಗಿದಾಗ ಒಳಬಾಗಿಲಲ್ಲಿ ಗಂಗಾಬಾಯಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೂಗಲಿಲ್ಲ. ನಾನು ಗಡಿಗೆ ಎತ್ತಿಕೊಂಡು ನಡೆದೇ ಬಂದೆ.

ಜವಾನರು ಮತ್ತೆ ಬರುತ್ತಾರೆಂದು ದಿನಾ ಕಾದೆ. ಬರಲಿಲ್ಲ. ಮಳೆಗಾಲದ ಕೊನೆಗೆ ನಿಜಾಮನ ರಾಜ್ಯ ಮುಗಿಯಿತು, ಅಣ್ಣ ಬಂದ. ಆ ಚಳಿಗಾಲವನ್ನು ಗೋಣಿಚೀಲ ಹೊದ್ದು ಕಳೆದಿದ್ದ. ಹಿಡಿದ ಕೆಮ್ಮು ಬಿಡಲೇ ಇಲ್ಲ. ಮೂವತ್ತು ತುಂಬುವ ಮೊದಲೇ ಅದು ಅವನನ್ನು ತೆಗೆದುಕೊಂಡು ಹೋಯಿತು. ಅಪ್ಪ ಮತ್ತೆ ಮಗ್ಗ ಹೂಡಲಿಲ್ಲ, ಬೇರೆಯವರ ಹೊಲಕ್ಕೆ ಕೂಲಿಗೆ ಹೋದ. ಇಂದು ನಮ್ಮ ಓಣಿಯಲ್ಲಿ ಒಂದೂ ಮಗ್ಗವಿಲ್ಲ. ಹುಣಸೆಬೀಜ ಹುರಿದರೆ ಏನು ವಾಸನೆ ಎಂದು ನನ್ನ ಮೊಮ್ಮಕ್ಕಳಿಗೆ ಗೊತ್ತಿಲ್ಲ.

ಹೋದ ವರ್ಷ ಆಳಂದದಲ್ಲಿ ಒಂದು ಮದುವೆಯಲ್ಲಿ ಗಂಗಾಬಾಯಿ ಸಿಕ್ಕಳು. ಗೋಡೆಗೆ ಒರಗಿ ಕೂತಿದ್ದಳು. ಗುರುತು ಹಿಡಿದು, ಕೈ ಹಿಡಿದು, ಪಕ್ಕಕ್ಕೆ ಕೂಡಿಸಿಕೊಂಡಳು.

"ನಾನೇ ಗಂಜಿ ಹಚ್ಚಿ ನೋಡ್ದೆ, ಕೆಟ್ಟೋತು ಅಂತ ಅಪ್ಪಗ ಹೇಳ್ದೆ, ಮಲ್ಲಿ. ನಿನ್ನ ಹೆಸರು ಎತ್ತಲಿಲ್ಲ. ಬೆತ್ತದ ಎರಡು ಏಟು ತಿಂದೆ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನು ಹೇಳಬೇಕೆಂದು ಕಾಯುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಆ ಉಪಕಾರವನ್ನು ನಾನು ಕೇಳಿರಲಿಲ್ಲ. ನನಗೆ ಸಿಕ್ಕಿದ್ದ ಒಂದೇ ಒಂದು ಸೇಡನ್ನೂ ಅವಳು ತನ್ನದು ಮಾಡಿಕೊಂಡಿದ್ದಳು.

"ಎರಡೇ ಏನ್ರಿ?" ಎಂದೆ. ಕೈ ಬಿಡಿಸಿಕೊಂಡು ಎದ್ದೆ.

ಪಡಸಾಲೆಯಲ್ಲಿ ಅಂದು ನಕ್ಕವರು, ಅಂಗಳದಲ್ಲಿ ನೀರು ಕುಡಿದವರು, ಓಣಿಯಲ್ಲಿ ಬೆಂಕಿ ನೋಡಿದವರು ಯಾರೂ ಈಗಿಲ್ಲ. ಕಣ್ಣಾರೆ ಕಂಡು ಇನ್ನೂ ಬದುಕಿರುವವಳು ನನ್ನ ಹೊರತು ಗಂಗಾಬಾಯಿ ಒಬ್ಬಳೇ. ಆಳಂದದಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವಳೇ ಹೇಳಲಿ.