ಪುಟ್ಟ ದಿಬ್ಬಗಳ ಪರವಾಗಿ: ಗುನ್ವೋರ್ ಬ್ರೆಕ್ಕೆ ಅವರ ಸೇವಾಕಾಲದ ನೆನಪುಗಳು

ನಾರ್ವೆಯ ಹಿಮಕ್ರೀಡೆಗಳ ಚರಿತ್ರೆ ಬರೆಯುವವರು ಪದಕ ಗೆದ್ದವರ ಹೆಸರಿನಿಂದ ಆರಂಭಿಸುವುದು ರೂಢಿ. ಆ ಗೆದ್ದವರು ಮೊದಲು ಯಾವ ಹಿತ್ತಿಲ ದಿಬ್ಬದಿಂದ ಹಾರಿ ಬಿದ್ದರು, ಆ ದಿಬ್ಬಕ್ಕೆ ದೀಪ ಹಾಕಿಸಿದವರು ಯಾರು, ಕಾಲಿಗೆ ಸ್ಕೀ ಇಲ್ಲದ ಮಗುವಿಗೆ ಅದನ್ನು ಹೊಂದಿಸಿಕೊಟ್ಟವರು ಯಾರು ಎಂದು ಕೇಳುವವರು ವಿರಳ. ಹಾಗೆ ಯಾರಾದರೂ ಕೇಳಿದರೆ, ನಮ್ಮ ಸ್ಕೌದಾಲ್ ಕಣಿವೆಯ ಮಟ್ಟಿಗೆ ಉತ್ತರ ಒಂದೇ: ಪುರಸಭೆಯ ಕ್ರೀಡಾ ಕಾರ್ಯದರ್ಶಿ ಗುನ್ವೋರ್ ಬ್ರೆಕ್ಕೆ. ಮೂವತ್ತೈದು ವರ್ಷಗಳ ಸೇವೆಯ ನಂತರ ಈ ವಸಂತದಲ್ಲಿ ನಿವೃತ್ತರಾಗಿರುವ ಅವರಿಗೆ ಅರ್ಪಿತವಾದ ಈ ಸಂಪುಟದಲ್ಲಿ ಬರೆಯುವ ಭಾಗ್ಯ ನನ್ನದಾಗಿದೆ. ಬೆಕ್ಕೆಲಿಯಾ ಶಾಲೆಯ ಮರಗೆಲಸದ ಮೇಷ್ಟ್ರಾಗಿ, ಶಾಲೆಯ ಹಿಂದಿನ ಸ್ಕೀ ಜಿಗಿತದ ದಿಬ್ಬದ ತರಬೇತುದಾರನಾಗಿ ಅಷ್ಟೂ ಕಾಲ ಅವರೊಡನೆ ಜಗಳವಾಡಿದ್ದೇನೆ, ಕಾಫಿ ಕುಡಿದಿದ್ದೇನೆ, ಹಿಮ ತುಳಿದಿದ್ದೇನೆ. ಅದಕ್ಕಿಂತ ಹೆಚ್ಚಿನ ಅರ್ಹತೆ ನನಗಿಲ್ಲ.

ಅವರು ಕೆಲಸಕ್ಕೆ ಬಂದ ೧೯೮೩ರಲ್ಲಿ ಕಣಿವೆಯ ಆರು ಶಾಲೆಗಳ ಹಿಂದೆಯೂ ಒಂದೊಂದು ಜಿಗಿತದ ದಿಬ್ಬವಿತ್ತು. ಹತ್ತು ಮೀಟರಿನಿಂದ ನಲವತ್ತು ಮೀಟರಿನವರೆಗೆ ಮಕ್ಕಳು ಹಾರಬಹುದಾದ, ಊರವರೇ ಕಟ್ಟಿದ, ಊರವರೇ ರಿಪೇರಿ ಮಾಡುತ್ತಿದ್ದ ದಿಬ್ಬಗಳವು. ಹೊಸ ಕಾರ್ಯದರ್ಶಿ ಎಲ್ಲವನ್ನೂ ಒಮ್ಮೆ ನೋಡಬೇಕೆಂದು ಬಸ್ಸಿನಲ್ಲಿ ಬಂದರು. ಕೆಂಪು ಉಣ್ಣೆಯ ಟೋಪಿ, ಮೊಣಕಾಲುದ್ದದ ಬೂಟು, ಬಗಲಲ್ಲಿ ಕಾಫಿಯ ಫ್ಲಾಸ್ಕು. ನಮ್ಮ ದಿಬ್ಬದ ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದವರು ಮೇಲೆ ಹತ್ತಲಿಲ್ಲ.

"ನನಗೆ ಎತ್ತರ ಅಂದ್ರೆ ಆಗಲ್ಲ, ಐಲಿವ್," ಎಂದು ನನಗೆ ಹೇಳಿದರು. "ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವೆಲ್ಲ ಕಂಡುಹಿಡಿದು ನಗೋದು ಬೇಡ."

"ಜಿಗಿತದ ಕಾರ್ಯದರ್ಶಿಗೆ ಎತ್ತರ ಆಗಲ್ವಾ?"

"ಆಗಲ್ಲ. ಕೆಳಗೆ ನಿಂತು ಮಾಡೋ ಕೆಲಸ ಏನಿದೆ ಹೇಳು."

ದೀಪ ಬೇಕು ಎಂದೆ. ಡಿಸೆಂಬರಿನಲ್ಲಿ ಶಾಲೆ ಬಿಡುವ ಹೊತ್ತಿಗೆ ನಮ್ಮಲ್ಲಿ ಕತ್ತಲು ಕವಿದಿರುತ್ತದೆ. ದೀಪವಿಲ್ಲದ ದಿಬ್ಬ ಶನಿವಾರದ ದಿಬ್ಬ ಮಾತ್ರ. ಆಗ ಅವರು ಏನನ್ನೂ ಬರೆದುಕೊಳ್ಳಲಿಲ್ಲ, ಭರವಸೆಯನ್ನೂ ಕೊಡಲಿಲ್ಲ. ಮುಂದಿನ ಶರತ್ಕಾಲದಲ್ಲಿ ವಿದ್ಯುತ್ ಕಂಪನಿ ರಸ್ತೆಬದಿಯ ಹಳೆಯ ಕಂಬಗಳನ್ನು ಕಿತ್ತು ಹೊಸದನ್ನು ನೆಡುತ್ತಿದ್ದಾಗ, ಕಿತ್ತ ಕಂಬಗಳು ಲಾರಿಯಲ್ಲಿ ನೇರವಾಗಿ ಆರೂ ದಿಬ್ಬಗಳಿಗೆ ಬಂದು ಬಿದ್ದವು. ಹೇಗೆ ಬಂದವೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಊರವರು ಕೂಲಿಯಿಲ್ಲದೆ, ಮುಯ್ಯಾಳಿನ ಲೆಕ್ಕದಲ್ಲಿ ಬಂದು ಗುಂಡಿ ತೋಡಿದರು, ಹೆಂಗಸರು ಗಂಡಸರೆನ್ನದೆ ಕಂಬ ಎತ್ತಿದರು; ನವೆಂಬರಿನ ಮೊದಲ ಹಿಮ ಆ ದೀಪಗಳ ಕೆಳಗೆ ಬಿದ್ದದ್ದು ಈಗಲೂ ನನ್ನ ಕಣ್ಣಮುಂದಿದೆ. ಆ ಸಂಜೆ ದಿಬ್ಬದ ಬುಡದ ಗುಡಿಸಲಿನಲ್ಲಿ ವಾಫಲ್ ಬೇಯಿಸಿ, ಕಂದು ಚೀಸಿನ ತೆಳು ಹೋಳಿಟ್ಟು ಮಕ್ಕಳಿಗೆ ಹಂಚಿದವರು ಕಾರ್ಯದರ್ಶಿಗಳೇ. ಮೊದಲನೆಯದು ಕರಕಲಾಗಿತ್ತು. ಅದನ್ನು ನನಗೆ ಕೊಟ್ಟರು.

ಆ ಐದಾರು ಚಳಿಗಾಲಗಳು ಎಂಥವೆಂದು ಇಂದಿನವರಿಗೆ ಹೇಳುವುದು ಕಷ್ಟ. ಕಣಿವೆಯ ತುದಿಯಿಂದ ತುದಿಗೆ ಕಾರಿನಲ್ಲಿ ಹೋದರೆ ಆರು ಕಡೆ ಕಾಡಿನ ನಡುವೆ ಬೆಳಕಿನ ಪಟ್ಟಿಗಳು ಕಾಣುತ್ತಿದ್ದವು, ಪ್ರತಿಯೊಂದರಲ್ಲೂ ಮಕ್ಕಳ ಕೂಗು. ಬುಧವಾರ ನಮ್ಮಲ್ಲಿ, ಗುರುವಾರ ಪಕ್ಕದ ಊರಲ್ಲಿ. ಲಾಟರಿ ನಿಧಿಯ ಪಾಲು, ಪುರಸಭೆಯ ಅನುದಾನ, ಜತೆಗೆ ಕ್ಲಬ್ಬಿನ ಪರವಾಗಿ ಮನೆಮನೆಗೆ ಟಾಯ್ಲೆಟ್ ಪೇಪರ್ ಮಾರಿ ಬಂದ ಹಣ, ಇಷ್ಟರಲ್ಲೇ ಎಲ್ಲವೂ ನಡೆಯುತ್ತಿತ್ತು. ಗುನ್ವೋರ್ ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಮಾರಾಟವಾಗದ ಕಟ್ಟುಗಳು ಚಾವಣಿಯ ತನಕ ಇದ್ದವು.

೧೯೮೯ರಲ್ಲಿ ಪುರಸಭೆಯ ಅಧ್ಯಕ್ಷರಾಗಿ ಬಂದ ತೂರ್ಗ್ರಿಮ್ ಸೂಲ್‌ಬಕ್ ತಮ್ಮ ಯೌವನದಲ್ಲಿ ಒಳ್ಳೆಯ ಜಿಗಿತಗಾರರು, ಕಣಿವೆಯ ಮೇಲೆ ನಿಜವಾದ ಪ್ರೀತಿಯುಳ್ಳವರು. ಅವರ ಕನಸು ದೊಡ್ಡದಿತ್ತು: ಪೇಟೆಯ ಮೇಲಿನ ಬೆಟ್ಟದಲ್ಲಿ ಒಂದು ದೊಡ್ಡ ಜಿಗಿತದ ದಿಬ್ಬ, ಟಿವಿಯವರು, ಹೊರಗಿನ ಸ್ಪರ್ಧಿಗಳು, ತುಂಬಿದ ಹೋಟೆಲುಗಳು. ಆ ದಿಬ್ಬಕ್ಕೆ ಬೇಕಾದ ಹಣ ಆರು ಪುಟ್ಟ ದಿಬ್ಬಗಳ ಹಣವೇ ಆಗಿತ್ತು. ಅದನ್ನು ತೀರ್ಮಾನಿಸಿದ ಪುರಸಭೆಯ ಸಭೆಗೆ ನಾನೂ ಹೋಗಿದ್ದೆ. ಗುನ್ವೋರ್ ಎದ್ದು ನಿಂತು ಹೇಳಿದ್ದು ಸ್ವಲ್ಪವೇ.

"ತೂರ್ಗ್ರಿಮ್, ನೀನು ಮೊದಲು ಎಲ್ಲಿಂದ ಹಾರಿದ್ದು?"

"ಅಪ್ಪನ ಕೊಟ್ಟಿಗೆ ಸೂರಿನಿಂದ."

"ಹಾಗಾದ್ರೆ ಆ ಕೊಟ್ಟಿಗೆ ಕೆಡವಿ ಇದನ್ನ ಕಟ್ತಾ ಇದೀವಿ."

ಸಭೆ ನಕ್ಕಿತು, ಅಧ್ಯಕ್ಷರೂ ನಕ್ಕರು. ಆಮೇಲೆ ಕೈ ಎತ್ತಿಸಿದಾಗ ಗುನ್ವೋರ್ ಸೋತರು, ಚೆನ್ನಾಗಿಯೇ ಸೋತರು. ಹೊರಗೆ ಬಂದು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಕೆರೆಯತೊಡಗಿದರು. ಗಾಜು ಸ್ವಚ್ಛವಾದ ಮೇಲೂ ಕೆರೆಯುತ್ತಲೇ ಇದ್ದರು. ರಾಜೀನಾಮೆ ಕೊಡುತ್ತಾರೇನೋ ಎಂದು ನಾನು ಹೆದರಿದ್ದೆ.

"ಹಳೇ ಡೈರಿ ಕಟ್ಟಡದ ಬೀಗದ ಕೈ ಯಾರ ಹತ್ರ ಇರತ್ತೆ?" ಎಂದು ಕೇಳಿದರು.

ಮುಚ್ಚಿಹೋಗಿದ್ದ ಆ ಡೈರಿಯ ನೆಲಮಾಳಿಗೆಯಲ್ಲಿ ಅವರು ಆರಂಭಿಸಿದ ಸ್ಕೀ ಭಂಡಾರವನ್ನು ಕಣಿವೆಯ ಮೂರು ತಲೆಮಾರು ಬಲ್ಲದು. ಬೆಳೆದ ಮಕ್ಕಳ ಸ್ಕೀ, ಬೂಟು, ಹೆಲ್ಮೆಟ್ಟುಗಳನ್ನು ಮನೆಮನೆಯಿಂದ ಬೇಡಿ ತಂದು, ಸೋಮವಾರ ಸಂಜೆ ಬೇಕಾದವರಿಗೆ ಚಳಿಗಾಲಪೂರ್ತಿ ಎರವಲು ಕೊಡುವುದು. ವಸಂತದಲ್ಲಿ ಹಿಂದಿರುಗಿಸಬೇಕು, ಅಷ್ಟೇ. ನಾನು ತುಂಡಾದ ಪಟ್ಟಿಗಳನ್ನು ಜೋಡಿಸುತ್ತಿದ್ದೆ, ಅವರು ಮೇಣ ಹಚ್ಚುತ್ತಿದ್ದರು. ಆದರೂ ಎಲ್ಲವನ್ನೂ ಉಳಿಸಿಕೊಳ್ಳಲಾಗಲಿಲ್ಲ. ನಾಲ್ಕು ದಿಬ್ಬಗಳಲ್ಲಿ ದೀಪ ವಾರಕ್ಕೊಂದೇ ಸಂಜೆ ಹೊತ್ತಿತು, ಎರಡು ಮುಚ್ಚಿಯೇ ಹೋದವು. ಇಂದು ಅಲ್ಲಿ ಬರ್ಚ್ ಮರಗಳು ಬೆಳೆದಿವೆ, ಅಲ್ಲಿ ಹಾರಿದವನಿಗೆ ಮಾತ್ರ ಗುರುತು ಸಿಕ್ಕೀತು. ದೊಡ್ಡ ದಿಬ್ಬ ಮಾತ್ರ ಭವ್ಯವಾಗಿ ಎದ್ದು ನಿಂತಿತು. ಪ್ರತಿ ಫೆಬ್ರವರಿಯಲ್ಲೂ ಸ್ಪರ್ಧಿಗಳು ಬೇರೆ ಜಿಲ್ಲೆಗಳಿಂದ ಬಸ್ಸಿನಲ್ಲಿ ಬಂದು, ಹಾರಿ, ಬಸ್ಸಿನಲ್ಲೇ ಹೋದರು. ನಮ್ಮ ಕಣಿವೆಯವರು ಕೆಳಗೆ ನಿಂತು ಚಪ್ಪಾಳೆ ತಟ್ಟಿದರು.

೧೯೯೩ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಬಂದ ಬೋಸ್ನಿಯಾದ ಕುಟುಂಬಗಳನ್ನು ನಮ್ಮ ಹಳೆಯ ಪ್ರವಾಸಿ ಹೋಟೆಲಿನಲ್ಲಿ ಇರಿಸಿದರು. ಆ ಮಕ್ಕಳು ಬುಧವಾರ ನಮ್ಮ ದಿಬ್ಬದ ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು. ಅವರಲ್ಲಿ ಅಜ್ರಾ ಎಂಬ ಎಂಟು ವರ್ಷದ ಹುಡುಗಿ ಒಂದು ದಿನ ಬೇಲಿ ದಾಟಿ ಬಂದು, ಯಾರನ್ನೂ ಕೇಳದೆ, ಕಾರ್ಡ್‌ಬೋರ್ಡಿನ ಮೇಲೆ ಕೂತು ಹತ್ತು ಮೀಟರಿನ ದಿಬ್ಬದಿಂದ ಜಾರಿ ಬಂದಳು. ಮುಖ ತುಂಬ ಹಿಮ, ಮೂಗಿನಲ್ಲಿ ರಕ್ತ. ಮತ್ತೆ ಏಣಿ ಹತ್ತಲು ಹೊರಟಳು.

ಸ್ಕೀ ಭಂಡಾರವಿತ್ತು, ಆದರೆ ತೊಡಕೂ ಇತ್ತು. ಕಣಿವೆಯ ನಿವಾಸಿಗಳಾದ ಮಕ್ಕಳಿಗೆ ಮಾತ್ರ ಅನುದಾನದ ಸೌಲಭ್ಯ ಮತ್ತು ವಿಮೆ ಎಂಬ ನಿಯಮ ಪುರಸಭೆಯದು. ಹೋಟೆಲಿನಲ್ಲಿದ್ದವರು ನಿವಾಸಿಗಳಲ್ಲ, ತಾತ್ಕಾಲಿಕ ಅತಿಥಿಗಳು. ವಿಮೆ ಇಲ್ಲದ ಮಗುವನ್ನು ಹಾರಿಸಲು ನನಗೆ ಧೈರ್ಯವಿರಲಿಲ್ಲ. ಗುನ್ವೋರ್ ನನ್ನನ್ನು ಕರೆದುಕೊಂಡು ನೇರ ಅಧ್ಯಕ್ಷರ ಕೋಣೆಗೆ ಹೋದರು.

"ನಿವಾಸಿ ಅಂದ್ರೆ ಯಾರು, ತೂರ್ಗ್ರಿಮ್?"

"ಇಲ್ಲಿ ವಾಸ ಇರೋರು. ಇದೇನು ಪ್ರಶ್ನೆ ಮಾರಾಯ್ತಿ."

"ವಾಸ ಅಂದ್ರೆ?"

"ರಾತ್ರಿ ಎಲ್ಲಿ ಮಲಗ್ತಾರೋ ಅಲ್ಲಿ."

"ಆ ಮಕ್ಕಳು ರಾತ್ರಿ ಎಲ್ಲಿ ಮಲಗ್ತವೆ?"

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗುನ್ವೋರ್, ಅವರು ನಾಳೆ ವಾಪಸ್ ಹೋಗಬಹುದು."

"ಹೋಗ್ಲಿ. ಇವತ್ತು ಬುಧವಾರ."

ಅಷ್ಟೇ ಮಾತು. ಅಧ್ಯಕ್ಷರು ಗೊಣಗುತ್ತಲೇ ಸಹಿ ಹಾಕಿದರು. ಸಂಜೆ ಅಜ್ರಾಳಿಗೆ ಸರಿಹೊಂದುವ ಬೂಟು ಸಿಗದೆ, ಗುನ್ವೋರ್ ತಮ್ಮ ಉಣ್ಣೆಯ ಕಾಲುಚೀಲವನ್ನೇ ಬಿಚ್ಚಿ ಬೂಟಿನ ತುದಿಗೆ ತುರುಕಿ ತೊಡಿಸಿದರು. ಬರಿಗಾಲಲ್ಲಿ ಬೂಟು ಹಾಕಿಕೊಂಡೇ ಆ ಚಳಿಯಲ್ಲಿ ಕೊನೆಯವರೆಗೂ ನಿಂತರು. ಮಗುವಿನ ತಾಯಿ ಫಾದಿಲಾ ಅದನ್ನು ನೋಡುತ್ತಿದ್ದರು. ಆಗ ಆಕೆಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಮರುವಾರ ಒಂದು ಜೊತೆ ಹೊಸ ಕಾಲುಚೀಲ ಹೆಣೆದು ತಂದರು.

ಆ ಕುಟುಂಬ ಇಲ್ಲಿಯೇ ಉಳಿಯಿತು. ಫಾದಿಲಾ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದರು. ಅಜ್ರಾ ಹತ್ತು ಮೀಟರಿನಿಂದ ಇಪ್ಪತ್ತಕ್ಕೆ, ಇಪ್ಪತ್ತರಿಂದ ನಲವತ್ತಕ್ಕೆ ಬೆಳೆದಳು. ಹುಡುಗಿಯರಿಗೆ ದೊಡ್ಡ ಸ್ಪರ್ಧೆಗಳಲ್ಲಿ ಅವಕಾಶವೇ ಇರದಿದ್ದ ದಿನಗಳವು. ಅವಳಿಗೆ ಅದು ಗೊತ್ತಿತ್ತು. ಆದರೂ ಯಾವ ಬುಧವಾರವೂ ತಪ್ಪಿಸಲಿಲ್ಲ. ನಲವತ್ತನ್ನೂ ಕಲಿತ ಮೇಲೆ ಎರಡು ವರ್ಷ, ದೊಡ್ಡ ದಿಬ್ಬ ಖಾಲಿಯಿದ್ದ ಬೆಳಿಗ್ಗೆಗಳಲ್ಲಿ ನಾನು ಅವಳನ್ನು ಅಲ್ಲಿಯೂ ಹಾರಿಸುತ್ತಿದ್ದೆ.

೨೦೦೧ರ ಫೆಬ್ರವರಿಯ ಸ್ಪರ್ಧೆಗೆ ಮೊದಲು ಕಣಿವೆಗೆಲ್ಲ ಜ್ವರ ಬಂತು. ಸ್ಪರ್ಧಿಗಳಿಗಿಂತ ಮುಂಚೆ ಹಾರಿ, ಗಾಳಿಯನ್ನೂ ಜಾರುಹಾದಿಯನ್ನೂ ಪರೀಕ್ಷಿಸಿ ಕೊಡಬೇಕಾದ, ಹೊರಗಿನಿಂದ ಬಂದಿದ್ದ ಪರೀಕ್ಷಾ ಜಿಗಿತಗಾರರು ಹಾಸಿಗೆ ಹಿಡಿದರು. ಅವರು ಹಾರದೆ ಸ್ಪರ್ಧೆ ಆರಂಭಿಸುವಂತಿಲ್ಲ. ಅಷ್ಟು ಹೊತ್ತಿಗೆ ಅಧ್ಯಕ್ಷ ಪದವಿ ಬಿಟ್ಟು ಸ್ಪರ್ಧಾ ಸಮಿತಿಯ ಹಿರಿಯರಾಗಿದ್ದ ತೂರ್ಗ್ರಿಮ್, ವಾಫಲ್ ಅಂಗಡಿಯಲ್ಲಿ ಹಿಟ್ಟು ಕಲಸುತ್ತಿದ್ದ ಗುನ್ವೋರ್ ಅವರ ಬಳಿ ಬಂದರು.

"ನಿನ್ನ ಚರಂಡಿ ದಿಬ್ಬಗಳಲ್ಲಿ ಹಾರೋರು ಯಾರಾದ್ರೂ ಇದಾರಾ?"

"ಇದಾಳೆ, ಒಬ್ಬಳು."

"ಹುಡುಗೀನಾ?"

"ಗಾಳಿ ಪರೀಕ್ಷೆಗೆ ಗಡ್ಡ ಬೇಕಾ?"

ಹೀಗೆ ಅಜ್ರಾ ಮೇಲೇರಿದಳು. ಕೆಳಗೆ ನಾನು, ಗುನ್ವೋರ್, ಫಾದಿಲಾ. ಧ್ವನಿವರ್ಧಕದಲ್ಲಿ ಅವಳ ಹೆಸರು ಬಂತು, ಜತೆಗೆ 'ಸ್ಕೌದಾಲ್' ಎಂದೂ ಬಂತು. ಆ ದಿಬ್ಬ ಕಟ್ಟಿದ ಮೇಲೆ ಅಲ್ಲಿ ಹಾರುವವರ ಹೆಸರಿನ ಮುಂದೆ ನಮ್ಮ ಕಣಿವೆಯ ಹೆಸರು ಕೇಳಿದ್ದು ಅದೇ ಮೊದಲು. ಇಬ್ಬರು ಹೆಂಗಸರೂ ಪರಸ್ಪರ ಕೈ ಹಿಡಿದು ಕಣ್ಣು ಮುಚ್ಚಿಕೊಂಡರು.

"ಐಲಿವ್, ಹೇಳ್ತಾ ಹೋಗು," ಎಂದರು ಗುನ್ವೋರ್.

"ಕೂತಿದಾಳೆ. ಬಿಟ್ಟಳು."

"ಆಮೇಲೆ?"

"ಹಾರಿದಳು."

"ಇಳಿದಳಾ?"

"ಇನ್ನೂ ಇಲ್ಲ."

"ಇನ್ನೂ ಇಲ್ವಾ?" ಇದು ಫಾದಿಲಾ.

"ಇನ್ನೂ ಗಾಳೀಲೇ ಇದಾಳೆ. ಇಳಿದಳು. ನಿಂತಿದಾಳೆ. ಕಣ್ಣು ಬಿಡಿ."

ಪರೀಕ್ಷಾ ಜಿಗಿತದ ದೂರವನ್ನು ಯಾರೂ ದಾಖಲಿಸುವುದಿಲ್ಲ. ಎಷ್ಟು ದೂರ ಹಾರಿದಳೆಂಬುದಕ್ಕೆ ಯಾವ ಪುಸ್ತಕದಲ್ಲೂ ಆಧಾರವಿಲ್ಲ. ನೆರೆದವರು ಮಾತ್ರ ಕೂಗು ನಿಲ್ಲಿಸಲಿಲ್ಲ. ಗುನ್ವೋರ್ ಮತ್ತೆ ಒಲೆಯ ಮುಂದೆ ನಿಂತಿದ್ದಾಗ ತೂರ್ಗ್ರಿಮ್ ವಾಫಲ್ ಅಂಗಡಿಗೆ ಹಿಂದಿರುಗಿ ಬಂದರು.

"ಕೊಟ್ಟಿಗೆ ಕೆಡವಿದ್ದು ತಪ್ಪಾಯ್ತು," ಎಂದರು.

"ನಾಲ್ಕು ಉಳಿದಿವೆ," ಎಂದರು ಗುನ್ವೋರ್, ಅವರ ಕೈಗೆ ಬಿಸಿ ವಾಫಲ್ ಕೊಡುತ್ತ.

ಆ ವಸಂತದಲ್ಲಿ ಪುರಸಭೆಯ ಸಭೆಯಲ್ಲಿ ಪುಟ್ಟ ದಿಬ್ಬಗಳ ಅನುದಾನವನ್ನು ಮರಳಿ ಕೊಡಬೇಕೆಂದು ಹಳೆಯ ಅಧ್ಯಕ್ಷರೇ ಸಾರ್ವಜನಿಕರ ಸಾಲಿನಿಂದ ಎದ್ದು ಬೇಡಿಕೊಂಡರು. ಪೂರ್ತಿ ಸಿಗಲಿಲ್ಲ. ಸಿಕ್ಕಿದ್ದರಲ್ಲಿ ನಾಲ್ಕು ದಿಬ್ಬಗಳ ದೀಪಗಳೂ ಮತ್ತೆ ವಾರವಿಡೀ ಹೊತ್ತಿಕೊಂಡವು, ಇಂದಿಗೂ ಉರಿಯುತ್ತಿವೆ. ತೂರ್ಗ್ರಿಮ್ ಈಗಿಲ್ಲ. ಅವರಿದ್ದಿದ್ದರೆ ಈ ಸಂಪುಟದ ಮೊದಲ ಲೇಖನ ಅವರದೇ ಆಗಿರುತ್ತಿತ್ತು, ನನಗಿಂತ ಚೆನ್ನಾಗಿ ಬೈದು ಬರೆಯುತ್ತಿದ್ದರು.

ಅಜ್ರಾ ವಿಜೇತೆಯಾಗಲಿಲ್ಲ. ಮೊಣಕಾಲಿನ ನೋವು ಅವಳ ಜಿಗಿತವನ್ನು ಬೇಗನೆ ಮುಗಿಸಿತು. ಈಗ ಟ್ರಾಂಡ್‌ಹೈಮಿನಲ್ಲಿ ಅಂಗಮರ್ದನ ಚಿಕಿತ್ಸಕಿ, ಎರಡು ಮಕ್ಕಳ ತಾಯಿ. ಬೀಳ್ಕೊಡುಗೆಯ ದಿನ ಬಂದವಳು ಗುನ್ವೋರ್ ಅವರ ಹಸ್ತಲಾಘವ ಮಾಡಿ, ಅವರನ್ನು ಬಿಟ್ಟು ಸರಿಯಲಾಗದೆ ಹಾಗೆಯೇ ನಿಂತುಬಿಟ್ಟಳು. "ಎತ್ತರ ಈಗ್ಲಾದ್ರೂ ಆಗತ್ತಾ?" ಎಂದು ಕೇಳಿದಳು. "ಕುರ್ಚಿ ಮೇಲೆ ನಿಂತು ಬಲ್ಬ್ ಹಾಕೋಕೂ ಆಗಲ್ಲ ಕಣೇ," ಎಂದರು ಗುನ್ವೋರ್.

ಅಧಿಕಾರದಲ್ಲಿದ್ದವರು ನಿವೃತ್ತರಾದಾಗ ಅವರಿಗೆ ವಿಶ್ರಾಂತಿಯನ್ನು ಹಾರೈಸುವುದು ಪದ್ಧತಿ. ನಾನು ಅದನ್ನು ಹಾರೈಸಲಾರೆ, ಹಾರೈಸಿದರೂ ಅವರು ಸ್ವೀಕರಿಸಲಾರರು. ಕಳೆದ ಬುಧವಾರ ನಮ್ಮ ದಿಬ್ಬದ ಇಳಿಜಾರಿನಲ್ಲಿ, ಕ್ಲಬ್ಬಿನ ಮುಯ್ಯಾಳಿನ ಸರದಿಯಲ್ಲಿ, ಮಕ್ಕಳು ಇಳಿಯುವ ಜಾಗ ಗಟ್ಟಿಯಾಗಲೆಂದು ಅವರು ಸ್ಕೀ ಅಡ್ಡಲಾಗಿ ಇಟ್ಟು ಮೆಲ್ಲಗೆ ಹಿಮ ತುಳಿಯುತ್ತಿದ್ದರು. ಏಳೆಂಟು ವರ್ಷದ ಹುಡುಗಿಯೊಬ್ಬಳು ಅವರ ಪಕ್ಕ ಬಂದು ನಿಂತಳು. ಅವಳಿಗೆ ಅವರು ಯಾರೆಂದು ಗೊತ್ತಿರಲಿಲ್ಲ.

"ನೀನು ಯಾರು?"

"ಹೊಸಬಳು. ಕೆಲಸ ಕಲೀತಾ ಇದೀನಿ."

"ಹಾಗಾದ್ರೆ ಅಂಚಲ್ಲಿ ಇನ್ನೂ ಗಟ್ಟಿ ತುಳಿ. ಅಲ್ಲೇ ನಾವು ಬೀಳೋದು."

ಗುನ್ವೋರ್ ಬ್ರೆಕ್ಕೆ ಅಂಚಿಗೆ ಸರಿದು ಗಟ್ಟಿಯಾಗಿ ತುಳಿದರು. ಅವರ ಕಾಲುಗಳಿಗೆ ಬಲವಿರಲಿ, ಅವರಿಗೆ ಚಳಿಗಾಲಗಳು ಇನ್ನೂ ಬಹಳ ಇರಲಿ, ಪ್ರತಿ ಚಳಿಗಾಲದಲ್ಲೂ ತುಳಿಯುವಷ್ಟು ಹಿಮ ಬೀಳಲಿ.