ಎಡಗೈಯ ಕಟ್ಟು

ಬುಸೀಬೊ ಊರಿನಲ್ಲಿ ಮುತುಬ ಮರಗಳನ್ನು ಜಕಾರಿಯಾ ಲುತಾಯನಷ್ಟು ಚೆನ್ನಾಗಿ ಸಾಕಿದವರು ಇನ್ನೊಬ್ಬರಿಲ್ಲ. ಬೆಳೆಸಿದ ಅನ್ನುವುದಕ್ಕಿಂತ ಸಾಕಿದ ಅನ್ನುವುದೇ ಸರಿ. ಅತ್ತಿಯ ಜಾತಿಯ ಮರ ಅದು. ಬೇಲಿಗೆ ಗೂಟ ಹೊಡೆದರೂ ಚಿಗುರಿಕೊಳ್ಳುತ್ತದೆ, ನಿಜ. ಆದರೆ ಚಿಗುರುವುದು ಬೇರೆ, ತೊಗಟೆ ಬಡಿದು ಮಾಡುವ ನಾರುಮಡಿ ಕೊಡುವುದು ಬೇರೆ. ತೋಳು ದಪ್ಪದ ನೆಟ್ಟನೆಯ ಕೊಂಬೆ ಹುಡುಕಿ, ನೆರಳಿನಲ್ಲಿ ಕೆಲವು ದಿನ ಒರಗಿಸಿಟ್ಟು, ಬಾಳೆತೋಟದ ತಂಪಿನಲ್ಲಿ ಆಳವಾಗಿ ನೆಟ್ಟು, ಆಮೇಲೆ ವರ್ಷಗಟ್ಟಲೆ ಪಕ್ಕದ ಚಿಗುರುಗಳನ್ನು ಚಿವುಟುತ್ತ ಬರಬೇಕು. ಒಂದು ಚಿಗುರು ಕಣ್ಣು ತಪ್ಪಿಸಿ ಬಲಿತರೆ ಕಾಂಡದಲ್ಲಿ ಗಂಟು, ಗಂಟಿದ್ದ ಕಡೆ ಬಟ್ಟೆಯಲ್ಲಿ ತೂತು. ಜಕಾರಿಯಾ ಬೆಳಿಗ್ಗೆ ಎದ್ದವನು ಮುಖ ತೊಳೆಯುವುದಕ್ಕೂ ಮೊದಲು ತೋಟಕ್ಕೆ ಒಂದು ಸುತ್ತು ಹಾಕುತ್ತಿದ್ದ. "ನನ್ನ ಮುಖ ನೋಡೋಕೆ ಮುಂಚೆ ಮರದ ಮುಖ ನೋಡ್ತಾನೆ, ಇವನ್ನ ಕಟ್ಕೊಂಡು ನಾನೇನು ಸುಖ ಕಂಡೆ" ಎಂದು ಅವನ ಹೆಂಡತಿ ಬದುಕಿದ್ದಷ್ಟು ದಿನವೂ ನೀರಿನ ಒರತೆಯ ಹತ್ತಿರ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಅವನ ನೀರುನಾಯಿ ಕುಲದವರಿಗೆ ಈ ಕಸುಬು ಹುಟ್ಟಿನಿಂದಲೇ ಬರುತ್ತದೆ. ಅಪ್ಪ ಯೊಸಿಯಾ ಇಬ್ಬರು ಗಂಡುಮಕ್ಕಳಿಗೂ ಒಟ್ಟಿಗೇ ಕಲಿಸಿದ. ದೊಡ್ಡವನು ಜಕಾರಿಯಾ, ಚಿಕ್ಕವನು ಕೆಜೆಕಿಯಾ. ಚಿಕ್ಕವನದು ಎಡಗೈ. ತೊಗಟೆ ಬಡಿಯುವ ದಿಮ್ಮಿಯ ಎರಡು ಕಡೆ ಇಬ್ಬರೂ ಎದುರುಬದುರು ಕೂತು, ಗೀರು ಕೊರೆದ ಕೊಡತಿಯಿಂದ ಒಬ್ಬರ ಏಟಿನ ಹಿಂದೆಯೇ ಇನ್ನೊಬ್ಬರು ಬಡಿಯಬೇಕಲ್ಲ, ಎಡಗೈಯವನ ಎದುರು ಕೂತವನಿಗೆ ಅದು ಪೀಕಲಾಟವೇ. ಜಕಾರಿಯಾನ ಬೆರಳು ಜಜ್ಜಿಹೋದದ್ದಕ್ಕೆ ಲೆಕ್ಕವಿಲ್ಲ. ಬರಬರುತ್ತ ಇಬ್ಬರ ಕೈ ಹೇಗೆ ಹೊಂದಿಕೊಂಡವು ಅಂದರೆ, ಊರಂಚಿನ ಜೌಗಿನ ಆಚೆ ದಡದಲ್ಲಿ ನಿಂತು ಕೇಳಿದವರಿಗೆ ಒಬ್ಬನೇ ಬಡಿಯುತ್ತಿದ್ದಾನೇನೋ ಅನ್ನಿಸುತ್ತಿತ್ತು. ಕೆಜೆಕಿಯಾನ ಮಗಳು ಫೆರಿಸ್ತ ಕೂಸಾಗಿದ್ದಾಗ ಆ ಸದ್ದಿಲ್ಲದೆ ಮಲಗುತ್ತಿರಲಿಲ್ಲ. ಅವಳನ್ನು ಚಾಪೆಯ ಮೇಲೆ ದಿಮ್ಮಿಯ ಪಕ್ಕಕ್ಕೇ ಹಾಕಿಕೊಳ್ಳುತ್ತಿದ್ದರು. ದೊಡ್ಡಪ್ಪನ ಕೊಡತಿ ನಿಂತರೆ ಎದ್ದು ಕೂತು ಅಳುತ್ತಿದ್ದಳು.

ಇಂಥ ಅಣ್ಣತಮ್ಮಂದಿರು ಹಾಳಾದದ್ದು ಒಂದು ಮರದಿಂದ. ಯೊಸಿಯಾ ಸತ್ತಾಗ, ಅವನು ತಾನೇ ನೆಟ್ಟಿದ್ದ ಮುತುಬದ ಬುಡದಲ್ಲಿ ಅವನನ್ನು ಮಣ್ಣು ಮಾಡಿದ್ದರು. ಒಂದು ಮಳೆಗಾಲ ಜಕಾರಿಯಾ ಮಸಾಕದ ಸಂತೆಗೆ ಹೋಗಿದ್ದಾಗ ಕೆಜೆಕಿಯಾ ಆ ಮರ ಸುಲಿದ. ಸುಲಿದದ್ದು ತಪ್ಪಲ್ಲ, ವರ್ಷಕ್ಕೊಮ್ಮೆ ಸುಲಿಯಲೇಬೇಕು. ಸುಲಿದ ಗಳಿಗೆಯಲ್ಲೇ ಹಸಿ ಮೈಗೆ ಬಾಳೆ ಎಲೆ ಸುತ್ತಿ ಕಟ್ಟಬೇಕು, ಅದು ಈ ಕಸುಬಿನ ಮೊದಲ ಪಾಠ. ಅಷ್ಟರಲ್ಲಿ ಯಾರೋ ಮದುವೆ ಮನೆಗೆ ಕರೆದರು. ಈಗ ಬಂದೆ ಅಂತ ಹೋದವನು ಬಾಳೆಹಣ್ಣಿನ ಹೆಂಡ ಕುಡಿದು ಅಲ್ಲೇ ಬಿದ್ದುಕೊಂಡ. ಮಳೆ ಬಿಟ್ಟು ಬಿಸಿಲು ಕಾಯಿತು. ಜಕಾರಿಯಾ ಬಂದು ನೋಡುವಾಗ ಅಪ್ಪನ ಮರ ಬೆತ್ತಲೆ ನಿಂತು, ಮೈಯೆಲ್ಲ ಕಂದುಗಟ್ಟಿ ಬಿರಿದು ಸಾಯುತ್ತಿತ್ತು. ಅಪ್ಪನನ್ನೇ ಹೊದಿಕೆಯಿಲ್ಲದೆ ಬೀದಿಗೆ ಹಾಕಿದ ಹಾಗೆ ಅನ್ನಿಸಿತು ಅವನಿಗೆ. ಏಣಿ ಹತ್ತಿ, ತುದಿಯಲ್ಲಿ ಇನ್ನೂ ಹಾಲು ಸುರಿಯುತ್ತಿದ್ದ ಒಂದು ಕೊಂಬೆಯನ್ನು ಕಡಿದು ಇಳಿಸಿಕೊಂಡ. ಆಮೇಲೆ ಕುಲದವರೆಲ್ಲ ಸೇರಿದ ಕಡೆ ಎದ್ದು ನಿಂತು ಹೇಳಿಬಿಟ್ಟ:

"ಮರಕ್ಕೆ ಬಟ್ಟೆ ಸುತ್ತದ ಕೈ ಮನುಷ್ಯರಿಗೇನು ಸುತ್ತತ್ತೆ? ನಾನು ಸತ್ತಾಗ ಇವನು ನನ್ನ ಮೈಮೇಲೆ ನಾರುಮಡಿ ಹಾಸಬಾರದು. ಇವನ ಕೈ ನನ್ನನ್ನ ಮುಟ್ಟಬಾರದು."

ಸತ್ತವರಿಗೆ ನಾರುಮಡಿ ಹೊದಿಸಿಯೇ ಮಣ್ಣು ಮಾಡುವ ಆ ನೆಲದಲ್ಲಿ ಒಡಹುಟ್ಟಿದವನಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಕೆಜೆಕಿಯಾ ತನ್ನ ಕೊಡತಿಗಳನ್ನು ಚೀಲಕ್ಕೆ ಹಾಕಿಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಜೌಗಿನ ಆಚೆಗೆ ಹೋದ. ಅಣ್ಣನೇ ಹಾಗಂದ ಮೇಲೆ ಅವನಿಗೆ ಸುಲಿಯಲು ಮರ ಕೊಡುವವರಾರು? ಇಟ್ಟಿಗೆ ಸುಟ್ಟುಕೊಂಡು ಬದುಕಿದ. ಹೆಂಡ ಬಿಟ್ಟನಂತೆ. ಬಿಟ್ಟರೆ ಬಿಡಲಿ ಅಂದ ಜಕಾರಿಯಾ.

ಅಪ್ಪನ ಮರದ ಆ ಕೊಂಬೆಯನ್ನು ಜಕಾರಿಯಾ ಅಂಗಳದ ಪಕ್ಕದಲ್ಲೇ ನೆಟ್ಟ. ಮೊದಲ ಸಲ ಸುಲಿದಾಗ ತೊಗಟೆ ಒರಟಾಗಿ ಬಂತು, ಆಡಿನ ಕೊಟ್ಟಿಗೆಗೆ ಹಾಸಿದ. ಸುಲಿದಷ್ಟೂ ಮುತುಬದ ಚರ್ಮ ನಯವಾಗುತ್ತದೆ. ವರ್ಷಗಳು ಕಳೆದ ಹಾಗೆ ಇಟ್ಟಿಗೆ ಕೆಂಪಿನ, ಮಗುವಿನ ಕೆನ್ನೆಗೆ ಒತ್ತಿದರೂ ಚುಚ್ಚದಂಥ ಬಟ್ಟೆ ಕೊಡತೊಡಗಿತು. ಎದೆಯಲ್ಲಿ ಕೆಮ್ಮು ಕೂತ ವರ್ಷ ಜಕಾರಿಯಾ ಊರಿಗೆಲ್ಲ ಹೇಳಿದ, "ಇನ್ನು ಇದರ ತೊಗಟೆ ಮಾರೋಲ್ಲ. ಈ ಸಲದ್ದು ನನಗೆ, ಸತ್ತಾಗ ಹೊದಿಸೋಕೆ."

ಅದು ಊರಿಗೆ ಕೆಟ್ಟ ಕಾಲ. ಮೈ ಸಣ್ಣಗಾಗುತ್ತ ಹೋಗುವ ಆ ಕಾಯಿಲೆ ಮನೆ ಮನೆ ಹೊಕ್ಕಿತ್ತು. ವಯಸ್ಸಿನ ಮಕ್ಕಳೇ ಹೋಗುತ್ತಿದ್ದರು. ಸಾವಿನ ಮನೆಗೆ ಬರುವವರೆಲ್ಲ ಒಂದೊಂದು ನಾರುಮಡಿ ತರಬೇಕು, ಮರಗಳಾದರೂ ಎಷ್ಟು ಕೊಟ್ಟಾವು? ಜಕಾರಿಯಾನ ತೋಟದಲ್ಲಿ ಎಲ್ಲಾ ಮರಗಳೂ ಎಲೆಕಟ್ಟಿನಲ್ಲಿ ನಿಂತಿದ್ದವು, ಅಂಗಳದ ಮರ ಒಂದನ್ನು ಬಿಟ್ಟು. ಕಂಪಾಲಾದಲ್ಲಿ ಹೊಲಿಗೆ ಕೆಲಸಕ್ಕಿದ್ದ ಫೆರಿಸ್ತ ಅದೇ ಕಾಯಿಲೆ ಹೊತ್ತು ಅಪ್ಪನ ಮನೆಗೆ ಬಂದಳು. ಸುದ್ದಿ ತಂದವಳು ಪಕ್ಕದ ಮನೆಯ ವಿಧವೆ ತೆರೇಜಾ. ಅವಳ ಬಾಯಿಗೆ ಬೀಗವಿಲ್ಲ.

"ಹೋಗಿ ಮಗೂನ ನೋಡ್ಕೊಂಡು ಬಾರಣ್ಣ. ನಿನ್ನ ಚಾಪೆ ಮೇಲೇ ಬೆಳೆದೋಳು ಅವಳು."

"ಅವನ ಹೊಸಲು ತುಳಿಯೋಲ್ಲ."

"ಹೊಸಲು ತುಳೀಬೇಡ, ದಾಟು. ಮರಕ್ಕೆ ಹುಳ ಬಿದ್ರೆ ರಾತ್ರಿಯೆಲ್ಲ ನಿದ್ದೆ ಬರೋಲ್ಲ ನಿನಗೆ. ನಿನ್ನ ಎದೆಗೇ ಹುಳ ಬಿದ್ದಿದೆ, ಅದು ಗೊತ್ತಾಗ್ತಿಲ್ಲ."

ಅವನಿಗೆ ಸಂಕಟವಾಗಲಿಲ್ಲ ಅಂತಲ್ಲ. ಆದರೆ ಹಠ ಅನ್ನುವುದು ಅವನಿಗೆ ಕೆಮ್ಮಿಗಿಂತ ಹಳೆಯ ರೋಗ. ಹೋಗಲಿಲ್ಲ.

ಒಂದು ಬೆಳಿಗ್ಗೆ, ಮೊದಲ ಮಳೆಗಳಾಗಿ ಮರಗಳಲ್ಲಿ ಹಾಲು ಏರಿದ್ದ ಹೊತ್ತಿನಲ್ಲಿ, ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟ. ಅಂಗಳದ ಮರ ಬುಡದಿಂದ ಕವಲಿನವರೆಗೂ ಹಸಿರು ಬಾಳೆ ಎಲೆಯ ಕಟ್ಟಿನಲ್ಲಿತ್ತು. ಹತ್ತಿರ ಹೋಗಿ ಒಂದು ಎಲೆಯ ಅಂಚು ಸರಿಸಿದ. ಒಳಗೆ ಬಿಳಿಯ ಹಸಿ ಮೈ. ತೊಗಟೆ ಇಲ್ಲ. ತನ್ನ ಹೊದಿಕೆಯನ್ನು ಯಾರೋ ಹೊತ್ತುಕೊಂಡು ಹೋಗಿದ್ದಾರೆ.

ತೆರೇಜಾ ಬೇಲಿ ಹಾರಿಕೊಂಡೇ ಬಂದಳು. ನೋಡಿದಳು, ಸುತ್ತು ಬಂದಳು. "ಇದೆಂಥಾ ಕಳ್ಳ ಅಣ್ಣ? ಬಾಣಂತಿಗೆ ಹೊಟ್ಟೆ ಕಟ್ಟಿದ ಹಾಗೆ ಕಟ್ಟಿ ಹೋಗಿದಾನೆ. ಊರ ಚೇರ್‍ಮನ್ನರ ಹತ್ತಿರ ಹೋಗೋಣ ನಡಿ, ಹಿಡಿಸೋಣ."

ಜಕಾರಿಯಾನ ಕೈ ಕಟ್ಟಿನ ಮೇಲೆ ಆಡುತ್ತಿತ್ತು. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿ ಹೆಚ್ಚಿಲ್ಲ. ಚಾಕು ಒಳಮೈಗೆ ಒಂದು ಗೀರೂ ಹಾಕಿಲ್ಲ. ಬುಡದಲ್ಲಿ ಎಲೆ ಕೂರದ ಜಾಗಕ್ಕೆ ಸಗಣಿ ಮೆತ್ತಿದೆ. ಎಲೆಯ ಮೇಲೆ ಮತ್ತೊಂದು ಎಲೆ, ಅದರ ಮೇಲೆ ಒಣ ಪಟ್ಟೆ, ಎಷ್ಟು ಬಿಸಿಲು ಕಾದರೂ ಒಳಗೆ ತಾಗದ ಹಾಗೆ. ಬಾಳೆನಾರು ಎಡದಿಂದ ಸುತ್ತಿಕೊಂಡು ಬಂದಿತ್ತು. ಬಲಗೈಯವರು ಯಾರೂ ಹಾಗೆ ಸುತ್ತುವುದಿಲ್ಲ.

ಕೋಪವೇ ಮೊದಲು ಬಂದದ್ದು. ತಾಯಿಮರವನ್ನು ಕೊಂದವನು ಅದರ ಕುಡಿಗೂ ಕೈ ಹಾಕಿದ. ಹಸಿ ತೊಗಟೆ ಅಂದೇ ಬಡಿಯದಿದ್ದರೆ ಕೆಟ್ಟುಹೋಗುತ್ತದೆ, ಹಾಗಾಗಿ ಕಳ್ಳ ಇವತ್ತೇ ಕೂತಿರಬೇಕು. ಜಕಾರಿಯಾ ಕಿವಿಗೊಟ್ಟ. ಜೊಂಡಿನ ಆಚೆಯಿಂದ ಕೊಡತಿಯ ಸದ್ದು ಬರುತ್ತಿತ್ತು. ಟೊಕ್. ಸುಮ್ಮನೆ. ಟೊಕ್. ಸುಮ್ಮನೆ. ಎರಡನೆಯ ಏಟು ಬೀಳಬೇಕಾದ ಜಾಗ ಖಾಲಿಯಾಗಿತ್ತು.

"ನಾನೂ ಬರ್ತೀನಿ" ಅಂದಳು ತೆರೇಜಾ.

"ಬೇಡ. ನೀನು ಬಂದ್ರೆ ನಾನು ಬಯ್ಯೋಕೆ ಜಾಗ ಇರೋಲ್ಲ" ಎಂದು ಕೋಲು ತೆಗೆದುಕೊಂಡು ಹೊರಟ.

ಜೌಗಿನ ಮೇಲಿನ ಮರದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ನಡೆದ. ಕಳ್ಳ ಅನ್ನಬೇಕು. ಕುಲದ ಮುಂದೆ ಎಳೆಯಬೇಕು. ಕೆಜೆಕಿಯಾನ ಮನೆ ಹಿಂದಕ್ಕೆ ಬಂದಾಗ ಇಟ್ಟಿಗೆ ಗೂಡಿನ ಪಕ್ಕದ ಚಪ್ಪರದಡಿ ತಮ್ಮನ ಬೆನ್ನು ಕಂಡಿತು. ಕೂದಲು ಬೆಳ್ಳಗಾಗಿತ್ತು. ಹೆಂಡತಿ ತೀರಿಕೊಂಡಿದ್ದಾಳೆಂದು ಕೇಳಿದ್ದ, ಆಗಲೂ ಬಂದಿರಲಿಲ್ಲ. ಕರೆಯಬೇಕು ಅನ್ನುವಷ್ಟರಲ್ಲಿ ಮನೆಯ ಕಿಟಕಿಯಿಂದ ದನಿ ಕೇಳಿಸಿತು. ಅಷ್ಟು ಸಣ್ಣ ದನಿ ಫೆರಿಸ್ತಳದೆಂದು ನಂಬುವುದಕ್ಕೇ ಹೊತ್ತು ಬೇಕಾಯಿತು.

"ಅಪ್ಪ."

"ಏನಮ್ಮ."

"ದೊಡ್ಡಪ್ಪ ಮರ ಕೊಟ್ಟ ಅಂದ್ಯಲ್ಲ."

"ಕೊಟ್ಟ ಕಣಮ್ಮ. ಮಗೂಗೆ ಹೊದಿಯೋಕೆ ಬೆಚ್ಚಗಿರಲಿ ಅಂತ ಅವನೇ ಹೇಳಿ ಕಳಿಸಿದ."

"ಮತ್ತೆ ಬಡಿಯೋಕೆ ಯಾಕೆ ಬರಲಿಲ್ಲ? ಒಂದೇ ಕೊಡತಿ ಕೇಳ್ತಿದೆ."

ಕೆಜೆಕಿಯಾ "ಕಾಲು ನೋವಂತೆ. ಬರ್ತಾನೆ" ಅಂದ. ಹಣೆಯ ಬೆವರು ಒರೆಸಿಕೊಳ್ಳಲು ತಿರುಗಿದವನು ಅಣ್ಣನನ್ನು ಕಂಡ.

ಕೊಡತಿ ನಿಂತಿತು. ಕೆಜೆಕಿಯಾ ಒಳಗೆ ಕೇಳಿಸದ ಹಾಗೆ ಎರಡೂ ಕೈ ಜೋಡಿಸಿದ, ತಲೆಯನ್ನು ಕಿಟಕಿಯ ಕಡೆ ಸ್ವಲ್ಪ ಆಡಿಸಿದ. ಬಯ್ಯುವುದಾದರೆ ಆಮೇಲೆ ಬಯ್ಯಿ, ಈಗ ಬೇಡ ಅನ್ನುವುದು ಅವನ ಕಣ್ಣಲ್ಲೇ ಇತ್ತು. ದಿಮ್ಮಿಯ ಮೇಲೆ ಜಕಾರಿಯಾನ ಹೊದಿಕೆ ಅರ್ಧ ಅಗಲವಾಗಿ ಹಾಸಿತ್ತು.

"ಅಪ್ಪ, ಯಾಕೆ ನಿಲ್ಲಿಸಿದೆ?"

ಜಕಾರಿಯಾ ಕೋಲನ್ನು ಚಪ್ಪರದ ಕಂಬಕ್ಕೆ ಒರಗಿಸಿದ. ತಮ್ಮನ ಎದುರು, ತನ್ನ ಹಳೆಯ ಜಾಗದಲ್ಲಿ ಕೂತ. ಪಕ್ಕದಲ್ಲಿ ಬಿದ್ದಿದ್ದ ಕೊಡತಿಗಳಲ್ಲಿ ಸಣ್ಣ ಗೀರಿನದನ್ನು ಆರಿಸಿಕೊಂಡು, "ಬಡಿ" ಅಂದ.

ಮೊದಲ ಏಟುಗಳು ಒಂದಕ್ಕೊಂದು ತಾಗಿಕೊಂಡವು. ಆಮೇಲೆ ಕೈಗೆ ನೆನಪಾಯಿತು. ಟೊಕ್ ಟೊಕ್, ಟೊಕ್ ಟೊಕ್. ಬಹಳ ಹೊತ್ತಿನ ಮೇಲೆ ಫೆರಿಸ್ತ ಕೇಳಿದಳು:

"ಬಂದ್ಯಾ ದೊಡ್ಡಪ್ಪ?"

"ಬಂದೆ ಕಣೇ. ನಿಮ್ಮಪ್ಪ ಇನ್ನೂ ಎಡಗೈಯಲ್ಲೇ ಬಡಿತಾನೆ. ಇವತ್ತೂ ನನ್ನ ಬೆರಳು ಉಳಿಯೋಲ್ಲ."

ಅವಳು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಹೊದಿಕೆ ಯಾತಕ್ಕೆಂದು ಅವಳಿಗೆ ಗೊತ್ತಿತ್ತು. ಅಪ್ಪ ಬೆಚ್ಚಗಿರಲಿ ಅಂದದ್ದನ್ನು ನಂಬಿದ ಹಾಗೆ ಮಾಡಿದ್ದಳು, ಅಷ್ಟೇ. ಸ್ವಲ್ಪ ಹೊತ್ತಿಗೆ ಉಸಿರಿನ ಸದ್ದು ಒಂದೇ ಸಮನಾಯಿತು. ಎಷ್ಟೋ ದಿನದಿಂದ ಹೀಗೆ ನಿದ್ದೆ ಮಾಡಿರಲಿಲ್ಲ ಎಂದು ಕೆಜೆಕಿಯಾ ತುಟಿಯಲ್ಲೇ ಹೇಳಿದ. ಜಕಾರಿಯಾ ಅಳುತ್ತಿದ್ದ. ಒರೆಸಿಕೊಳ್ಳಲು ಕೈ ಬಿಟ್ಟರೆ ಕೊಡತಿ ನಿಲ್ಲುತ್ತದೆ, ನಿಂತರೆ ಅವಳು ಏಳುತ್ತಾಳೆ, ಅದಕ್ಕೆ ಒರೆಸಿಕೊಳ್ಳಲಿಲ್ಲ. ಸಂಜೆ ಅವಳ ಪಕ್ಕ ಕೂತು ಗಂಜಿ ಕುಡಿಸಿದ.

ನಾರುಮಡಿ ಬಿಸಿಲಿನಲ್ಲಿ ಹರಡಿಕೊಂಡು ಕೆಂಪೇರಿತು. ಒಣಗಿ ಮಡಿಸುವಷ್ಟರಲ್ಲಿ ಫೆರಿಸ್ತ ಹೋದಳು. ಬಂದವರು ತಂದ ಹೊದಿಕೆಗಳೆಲ್ಲ ಮೇಲೆ ಬಂದವು, ಮೈಗೆ ತಾಗಿದ್ದು ಅಂಗಳದ ಮರದ್ದೊಂದೇ. ಒಂದು ಅಂಚನ್ನು ಕೆಜೆಕಿಯಾ ಹಿಡಿದ, ಇನ್ನೊಂದನ್ನು ಜಕಾರಿಯಾ. ಕಳ್ಳತನದ ಮಾತು ಕುಲದವರ ಕಿವಿಗೆ ಬೀಳಲೇ ಇಲ್ಲ. ತೆರೇಜಾಳ ಬಾಯಿಯೂ ಅದೊಂದು ವಿಷಯದಲ್ಲಿ ಮುಚ್ಚಿಕೊಂಡಿತ್ತು.

ಮಣ್ಣು ಮಾಡಿದ ಮೇಲೆ ಒಂದು ಬೆಳಿಗ್ಗೆ ಜಕಾರಿಯಾ ತಮ್ಮನನ್ನು ಅಂಗಳಕ್ಕೆ ಕರೆಸಿದ. ಎಲೆಗಳು ಒಣಗಿ ಕಟ್ಟು ಸಡಿಲವಾಗಿತ್ತು.

"ನೀನು ಕಟ್ಟಿದ್ದು. ನೀನೇ ಬಿಚ್ಚು."

ಕೆಜೆಕಿಯಾ ಒಂದೊಂದೇ ಸುತ್ತು ಬಿಚ್ಚಿದ. ಎಲೆ ಜಾರಿದ ಕಡೆ ಹೊಸ ಚರ್ಮ ತೆಳ್ಳಗೆ, ತಿಳಿಹಸಿರಾಗಿ, ಎಲ್ಲೂ ಬಿರಿಯದೆ ಕೂತಿತ್ತು. ಜಕಾರಿಯಾ ಬುಡದಿಂದ ಮೇಲಕ್ಕೆ ಅಂಗೈ ಆಡಿಸಿಕೊಂಡು ಹೋದ. ಆಮೇಲೆ ಆ ಎಡಗೈಯನ್ನು ಹಿಡಿದು ಮರದ ಮೇಲೆ ಇಟ್ಟ.

"ನೋಡು, ಬದುಕಿದೆ. ಮುಂದಿನ ಮಳೆಗೆ ಇದರದ್ದು ನನಗೆ. ಸುಲಿಯೋನು ನೀನೇ, ನನ್ನ ಮೈಗೆ ಸುತ್ತೋನೂ ನೀನೇ" ಅಂದ.