ಅತ್ತೆ ಸೀಳಿದ ಗಿಡ

ಅತ್ತೆ ಇರುವೆ ಸಾಲು ಕಂಡರೆ ದಾಟಿ ನಡೆಯುವವರು. ಪ್ರಾಣಿ ಕೊಯ್ದವರ ಕೈಯಿಂದ ಅವರು ನೀರೂ ಕುಡಿಯುವುದಿಲ್ಲ ಎಂಬುದು ಮದುವೆಯಾದಾಗಿನಿಂದ ನನಗೆ ಗೊತ್ತಿತ್ತು. ಮೈಸೂರಿನಿಂದ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದವರು ಮೊದಲು ವಿಚಾರಿಸಿದ್ದು ನನ್ನ ಲ್ಯಾಬಿನ ಕೆಲಸವನ್ನೇ. ಸಮುದ್ರದ ಗಿಡಗಳನ್ನು ಗುರುತಿಸುತ್ತೇನೆ ಎಂದು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿಬಿಟ್ಟೆ. ಹಾಳು ನಾಲಿಗೆ! ಹೇಳಿದ ಮೇಲೆ ನಿರಾಳವೂ ಆಯಿತು ಅನ್ನಿ. ನಾನು ಮಾಡಿದ ಸಾರನ್ನು ಅಂದು ಅವರು ಕೇಳಿ ಬಡಿಸಿಕೊಂಡರು.

ನಿಜವಾಗಿ ನಾನು ಗುರುತಿಸುತ್ತಿದ್ದದ್ದು ಸೀ ಸ್ಕ್ವರ್ಟು ಎಂಬ, ಗಿಡದಂತೆ ಕಾಣುವ ಪ್ರಾಣಿಯನ್ನು. ದೋಣಿ ನಿಲ್ಲಿಸುವ ಕಡೆ, ತಣ್ಣನೆಯ ನೀರಿನಲ್ಲಿ, ಹಲಗೆಗಳ ಅಡಿಗೆ ಅಂಟಿಕೊಂಡು ಬೆಳೆಯುತ್ತದೆ. ಬೆರಳುದ್ದದ ತೆಳ್ಳನೆಯ ಚೀಲ, ಮೇಲೆ ಎರಡು ಬಾಯಿ, ಮುಟ್ಟಿದರೆ ಪಿಚಕ್ಕನೆ ನೀರು ಹಾರಿಸುತ್ತದೆ. ಎಂಬತ್ತರ ದಶಕದ ಆ ದಿನಗಳಲ್ಲಿ ಅದೇ ರೂಪದ ಇನ್ನೊಂದು ಜಾತಿ ಹಡಗಿನ ತಳಕ್ಕಂಟಿ ಬಂದಿರಬೇಕೆಂಬ ಅನುಮಾನ ನಮ್ಮ ಲ್ಯಾಬಿನವರಿಗಿತ್ತು. ಹಳೆಯದರ ಒಳಗೆ ಒಂದು ನಾಳದ ತುದಿಯಲ್ಲಿ ಕೆಂಪು ಚುಕ್ಕೆ ಇರುತ್ತದೆ, ಹೊಸದಕ್ಕೆ ಇಲ್ಲ. ಅದನ್ನು ಖಚಿತವಾಗಿ ಕಾಣಬೇಕಾದರೆ ಕೊಯ್ಯಲೇಬೇಕು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಲ್ಯಾಬು ಮುಚ್ಚಿತ್ತು. ಸಿಕ್ಕಿದವನ್ನು ಬಕೆಟ್ಟಿನಲ್ಲಿ ಮನೆಗೆ ತಂದೆ. ಒಂದಕ್ಕೆ ಮೆಂಥಾಲ್ ಹಾಕಿ ಮಂಪರು ಬರಿಸಿ, ತಟ್ಟೆಯಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕುಳಿತೆ. ಬ್ಲೇಡನ್ನು ಹತ್ತಿರ ಒಯ್ಯುವುದು, ಹಿಂದಕ್ಕೆಳೆಯುವುದು ಮಾಡುತ್ತಿದ್ದೆ. ನಾನೂ ಅದೇ ಸಂಪ್ರದಾಯದಲ್ಲಿ ಬೆಳೆದವಳು ತಾನೇ. ಅಡುಗೆ ಮುಗಿಸಿ ಅತ್ತೆ ಬಂದರು. ಬಾಳೆದಿಂಡನ್ನು ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚುವ ಅವರಿಗೆ ನನ್ನ ಕೈಕೆಲಸ ಎಂದೂ ಹಿಡಿಸಿದ್ದಿಲ್ಲ.

“ಕೊಡಮ್ಮ ಇಲ್ಲಿ. ಒಂದು ಗಿಡ ಸೀಳೋಕೆ ಇಷ್ಟು ಒದ್ದಾಡ್ತೀಯಲ್ಲ,” ಎಂದು ಬ್ಲೇಡು ತೆಗೆದುಕೊಂಡರು.

ಬೇಡ ಎನ್ನಬೇಕಿತ್ತು. ಯಾಕೆ ಬೇಡ ಎಂದರೆ ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅವರು ಮೇಲಿಂದ ಕೆಳಗೆ ನೀಟಾಗಿ ಸೀಳಿ, ಹೊರಸಿಪ್ಪೆ ಬಿಡಿಸಿದ್ದರು. ಬುಡದಲ್ಲಿ ದಾರದಂಥ ಹೃದಯ ಇನ್ನೂ ಬಡಿಯುತ್ತಿತ್ತು. ಒಂದು ದಿಕ್ಕಿಗೆ ಬಡಿದು, ನಿಂತು, ಆಮೇಲೆ ಎದುರು ದಿಕ್ಕಿಗೆ ಬಡಿಯತೊಡಗಿತು. ಆ ಜೀವಿಯ ಹೃದಯದ ರೀತಿಯೇ ಹಾಗೆ.

ಅತ್ತೆ ಬ್ಲೇಡು ಕೆಳಗಿಟ್ಟು ನನ್ನ ಮುಖ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಸಿಂಕಿಗೆ ಹೋಗಿ ಕೈ ತೊಳೆದರು, ಮತ್ತೆ ಮತ್ತೆ ತೊಳೆದರು. ಈ ಪಾಪ ನನ್ನದು, ನಿಮ್ಮದಲ್ಲ ಎನ್ನಬೇಕೆಂದುಕೊಂಡವಳು ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ವಾಪಸ್ ಬಂದವರು, ಬಕೆಟ್ಟಿನಲ್ಲಿ ಉಳಿದವನ್ನೂ ಕೊಯ್ಯಬೇಕೇ ಎಂದು ಕೇಳಿದರು. ಇದು ಯಾವ ಜಾತಿ ಎಂದು ತಿಳಿದರೆ ಸಾಕು, ಬೇರೆಯವು ಬೇಡ ಎಂದೆ.

“ಹಾಗಾದ್ರೆ ಸರಿಯಾಗಿ ನೋಡು. ನನ್ನ ಕೈಲಿ ಹೋಯ್ತಲ್ಲ, ಇದರಲ್ಲೇ ಮುಗೀಲಿ.”

ಭೂತಗನ್ನಡಿ ಹಿಡಿದು ಬಾಗಿದೆ. ಅತ್ತೆಯ ಸೀಳು ಆ ನಾಳದ ತುದಿಯ ಮೇಲೆಯೇ ಹಾದುಹೋಗಿತ್ತು. ಚುಕ್ಕೆ ಇರಬೇಕಾದ ಜಾಗದಲ್ಲಿ ಜಜ್ಜಿದ ಲೋಳೆ ಬಿಟ್ಟು ಏನೂ ಉಳಿದಿರಲಿಲ್ಲ. ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

“ಗೊತ್ತಾಯ್ತು ಅತ್ತೆ,” ಎಂದೆ.

ಅವರು ಕಣ್ಣು ಮುಚ್ಚಿ ತಟ್ಟೆಗೆ ಕೈ ಮುಗಿದರು. ಉಳಿದವನ್ನು ಈಗಲೇ ಸಮುದ್ರಕ್ಕೆ ಬಿಟ್ಟು ಬಾ ಎಂದರು. ಆಗಲಿ ಎಂದು ಬಕೆಟ್ಟಿನ ಜೊತೆ ಬ್ಲೇಡನ್ನೂ ಭೂತಗನ್ನಡಿಯನ್ನೂ ಕಾರಿನಲ್ಲಿಟ್ಟುಕೊಂಡು ಹೊರಟೆ.